ಕುದುರೆಮುಖವೋ ಲಕ್ಕವಳ್ಳಿಯೋ? ಒಂದು ದಿನದ ಕಾಡು ಸುತ್ತಾಟಕ್ಕೆ ಯಾವುದು ಸರಿ

ಶಿವಮೊಗ್ಗದಲ್ಲಿ ಮನೆ ಇದೆ ಅಂದರೆ ಮುಗೀತು, ಬಂದ ನೆಂಟರೆಲ್ಲ ಕೇಳುವುದು ಒಂದೇ. "ಒಂದು ದಿನ ಕಾಡಿಗೆ ಹೋಗೋಣ, ಪ್ರಾಣಿ ಕಾಣೋ ಕಡೆ." ನಾನು ಕರೆದುಕೊಂಡು ಹೋಗುವ ಜಾಗ ಎರಡು: ಕುದುರೆಮುಖ ರಾಷ್ಟ್ರೀಯ ಉದ್ಯಾನ, ಇಲ್ಲವೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಲಕ್ಕವಳ್ಳಿ. ಕುದುರೆಮುಖಕ್ಕೆ ಹೋಗುವುದು ಗುಡ್ಡ ನೋಡಲು, ಲಕ್ಕವಳ್ಳಿಗೆ ಹೋಗುವುದು ಪ್ರಾಣಿ ನೋಡಲು. ಇದನ್ನು ಹೊರಡುವ ಮೊದಲೇ ಹೇಳಿಬಿಡಬೇಕು, ಇಲ್ಲಾಂದ್ರೆ ವಾಪಸ್ ಬರುವಾಗ ಕಾರಲ್ಲಿ ಮುನಿಸು.

ಕುದುರೆಮುಖ ದೂರ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ದಾಟಿ ಕೆರೆಕಟ್ಟೆ ಕಾಡಿನೊಳಗೆ ಸಾಗಬೇಕು. ತಿರುವು ರಸ್ತೆ, ಹಿಂದಿನ ಸೀಟಿನವರಿಗೆ ವಾಂತಿ ಗ್ಯಾರಂಟಿ. 1987ರಲ್ಲಿ ಉದ್ಯಾನವಾದ ಜಾಗ, ಸುಮಾರು 600 ಚದರ ಕಿಲೋಮೀಟರ್. ಆದರೆ ಜೀಪು ಹತ್ತಿಸಿ ಪ್ರಾಣಿ ತೋರಿಸುವ ಏರ್ಪಾಡು ಭದ್ರಾದಲ್ಲಿದ್ದಂತೆ ಇಲ್ಲಿಲ್ಲ. ನಿಮ್ಮ ಕಾರಲ್ಲೇ ರಸ್ತೆ ಹಿಡಿದು ಹೋಗಬೇಕು. ಕಂಡಕಂಡಲ್ಲಿ ನಿಲ್ಲಿಸುವ ಹಾಗೂ ಇಲ್ಲ. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲಿಳಿದು ಹೋಗಬಹುದು, ಹತ್ತಿ ಬರುವಾಗ ಮಂಡಿ ನೆನಪಾಗುತ್ತೆ.

ನೋಟ ಮಾತ್ರ ಬೇರೆಲ್ಲೂ ಸಿಗದ್ದು. ಗುಡ್ಡದ ಮೈಯೆಲ್ಲ ಹುಲ್ಲು, ನೀರು ಹರಿಯುವ ಮಡಿಕೆಗಳಲ್ಲಷ್ಟೇ ಒತ್ತಾದ ಶೋಲಾ ಕಾಡು. ಇದೇ ಗುಡ್ಡಗಳಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು, ಸುಪ್ರೀಂ ಕೋರ್ಟ್ ಆದೇಶದಿಂದ ಗಣಿ ನಿಂತಿತು. ಪ್ರಾಣಿ ವಿಷಯಕ್ಕೆ ಬಂದರೆ, ಅದೃಷ್ಟ ಇದ್ದರೆ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಮರದ ಮೇಲಿಂದ ಇಳಿಯುವುದು ಅಪರೂಪ, ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಬೇಕು. ನಮ್ಮ ಅತ್ತಿಗೆಯ ಮಗ ಅಲ್ಲಿ ಕೇಳಿದ್ದು, "ಮಾಮ, ಜಿಂಕೆನಾದ್ರೂ ಇಲ್ವಾ?" ಇದ್ದಾವೆ ಪುಟ್ಟಾ, ರಸ್ತೆಗೆ ಬರಲ್ಲ ಅಷ್ಟೆ. ಸುಮಾರು 1,890 ಮೀಟರ್ ಎತ್ತರದ ಕುದುರೆಮುಖ ಶಿಖರದ ಚಾರಣವನ್ನು ಶಿವಮೊಗ್ಗದಿಂದ ಒಂದೇ ದಿನದಲ್ಲಿ ಮಾಡ್ತೀನಿ ಅನ್ನೋದು ಬೇಡ. ಹಿಂದಿನ ರಾತ್ರಿಯೇ ಕಳಸದ ಕಡೆ ಉಳಿಯಬೇಕು.

ಲಕ್ಕವಳ್ಳಿಗೆ ಕಾರಲ್ಲಿ ಒಂದು ಗಂಟೆ ಸಾಕು. ಅಲ್ಲಿ ಹೋದ ಮೇಲೆ ನಿಜವಾದ ಪ್ರಶ್ನೆ: ಕಾಡಿನೊಳಗೆ ಜೀಪಾ, ಭದ್ರಾ ಜಲಾಶಯದಲ್ಲಿ ದೋಣಿನಾ?

ಜೀಪಿಗೆ ಹತ್ತಿದವರೆಲ್ಲ ಹುಲಿ ಅಂತಲೇ ಹತ್ತುತ್ತಾರೆ. ಭದ್ರಾದಲ್ಲಿ ಹುಲಿ ಇದೆ, 1998ರಿಂದ ಹುಲಿ ಯೋಜನೆಯಲ್ಲೂ ಇದೆ. ಆದರೆ ಇದು ದಟ್ಟ ಕಾಡು, ದಾರಿಯ ಇಕ್ಕೆಲಗಳಲ್ಲಿ ಲಂಟಾನ ಬೇರೆ. ಹತ್ತು ಮಾರು ಆಚೆ ನಿಂತರೂ ಕಾಣದು. ನಮಗೆ ಸಿಕ್ಕಿದ್ದು ಕಾಟಿ (ಕಾಡುಕೋಣ), ಜಿಂಕೆ, ನವಿಲು, ಒಮ್ಮೆ ಸೀಳುನಾಯಿ ಹಿಂಡು. ಕಡವೆ ಕೂಗಿದರೆ ಹುಲಿಯೋ ಚಿರತೆಯೋ ಹತ್ತಿರ ಇರಬಹುದು ಅಂತ ಲೆಕ್ಕ. ಆ ಕೂಗು ಕೇಳಿದ ತಕ್ಷಣ ಡ್ರೈವರ್ ಇಂಜಿನ್ ಆಫ್ ಮಾಡಿ ಕಿವಿ ಕೊಡುತ್ತಾನಲ್ಲ, ಆ ಎರಡು ನಿಮಿಷಕ್ಕೇ ಕೊಟ್ಟ ದುಡ್ಡು ವಸೂಲು. ಉಳಿದ ಹೊತ್ತು ಧೂಳು.

ನನ್ನ ಓಟು ದೋಣಿಗೆ, ಅದರಲ್ಲೂ ಬೇಸಿಗೆಯಲ್ಲಿ. ಭದ್ರಾ ನಾಲೆಗಳಿಗೆ ನೀರು ಬಿಟ್ಟಂತೆ ಜಲಾಶಯ ಇಳಿಯುತ್ತದೆ, ಮುಳುಗಿದ್ದ ದಿಬ್ಬಗಳು ದ್ವೀಪಗಳಾಗಿ ಮೇಲೇಳುತ್ತವೆ. ಅಂದರೆ ನಮ್ಮ ಕಡೆಯ ಗದ್ದೆ, ತೋಟಕ್ಕೆ ನೀರು ಹೋದರೇನೇ ರಿವರ್ ಟರ್ನ್ ಹಕ್ಕಿಗೆ ಮನೆ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ಗೂಡು ಅಂತ ಏನೂ ಕಟ್ಟಲ್ಲ. ಬರಿ ಜಲ್ಲಿ ನೆಲದಲ್ಲಿ ಸಣ್ಣ ಗುಳಿ, ಅದರಲ್ಲಿ ಕಲ್ಲಿನ ಬಣ್ಣದ್ದೇ ಮೊಟ್ಟೆ. ಬಿಸಿಲು ಏರಿದಾಗ ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತವೆ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಸಂಜೆ ದೋಣಿಯಾದರೆ ದಡಕ್ಕೆ ನೀರು ಕುಡಿಯಲು ಆನೆ ಬರುವುದೂ ಇದೆ. ನಡುವೆ ಪೊದೆಯ ಅಡ್ಡಿ ಇಲ್ಲ, ಪೂರ್ತಿ ಆನೆ ಕಾಣುತ್ತದೆ. ಜೀಪಿನಲ್ಲಿ ಎಷ್ಟೋ ಸಲ ಬೆನ್ನೋ ಕಿವಿಯೋ ಅಷ್ಟೇ.

ದೋಣಿಗೂ ತೊಂದರೆ ಇಲ್ಲ ಅಂತಲ್ಲ. ಗಾಳಿ ಜಾಸ್ತಿಯಾದರೆ ಅಲ್ಲಾಡುತ್ತದೆ. ಭಾವ ಪೂರ್ತಿ ಹೊತ್ತು ಕಂಬಿ ಹಿಡಿದೇ ಕೂತಿದ್ದರು, ಫೋಟೋ ಒಂದೂ ತೆಗೆಯಲಿಲ್ಲ.

ತೀರಾ ಚಿಕ್ಕ ಮಕ್ಕಳಿದ್ದರೆ ಕುದುರೆಮುಖ, ಲಕ್ಕವಳ್ಳಿ ಎರಡೂ ಬಿಡಿ. ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ತುಂಗೆಯಲ್ಲಿ ಆನೆಗಳ ಸ್ನಾನ, ಆಮೇಲೆ ತ್ಯಾವರೆಕೊಪ್ಪದ ಹುಲಿ ಸಿಂಹಧಾಮ. ಅಲ್ಲಿ ಹುಲಿ ಕಂಡೇ ಕಾಣುತ್ತದೆ, ಆವರಣದೊಳಗಿನ ಹುಲಿ ಅಷ್ಟೆ. ಮಂಗಳವಾರ ರಜೆ, ನೋಡಿಕೊಂಡು ಹೋಗಿ.

ಇನ್ನು ಮಳೆಗಾಲದಲ್ಲಿ ನೆಂಟರು ಬಂದರೆ ಮಂಡಗದ್ದೆಗೆ ಕರೆದುಕೊಂಡು ಹೋಗಿ. ತೀರ್ಥಹಳ್ಳಿ ರಸ್ತೆಯಲ್ಲೇ ಇದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ, ದಡದ ಗೋಪುರದಿಂದಲೇ ನೋಡಬಹುದು. ಆ ಕಾಲದಲ್ಲಿ ಕುದುರೆಮುಖ ಹಸಿರೇನೋ ಹಸಿರು, ಆದರೆ ಮಂಜಿಗೆ ಎದುರಿನ ಗುಡ್ಡವೇ ಕಾಣಲ್ಲ. ಸಾಲದ್ದಕ್ಕೆ ಇಂಬಳದ (ಕಾಡು ಜಿಗಣೆ) ಕಾಟ.