ಉಪಗ್ರಹ ಕೂರಿಸೋಕೆ ಸೆಲೆಸ್ಟಿಯಾನೇ ಸೈ

ಬಾಹ್ಯಾಕಾಶವನ್ನು ಕಂಪ್ಯೂಟರಿನಲ್ಲಿ ತೋರಿಸುವ ತಂತ್ರಾಂಶವಾದ ಯೂನಿವರ್ಸ್ ಸ್ಯಾಂಡ್‌ಬಾಕ್ಸ್‌ಗೆ ದುಡ್ಡು ಕೊಟ್ಟಿದ್ದೇನೆ. ಆದರೂ ದಿನಾ ತೆರೆಯುವುದು ಅದೇ ಥರದ, ಪುಕ್ಕಟೆ ಸಿಗುವ ಸೆಲೆಸ್ಟಿಯಾವನ್ನೇ.

ನನಗೆ ಬೇಕಿದ್ದದ್ದು ಇಷ್ಟೇ: 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್ ಅನ್ನು ಅದರ ಜಾಗದಲ್ಲಿ ಕೂರಿಸಿ ನೋಡುವುದು. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಮೊದಲು ನಮ್ಮ ಶಿರಸಿ ಕಡೆಯವರು ಮೊಬೈಲಲ್ಲಿ ಮೋಡದ ಚಿತ್ರ ನೋಡ್ತಾರಲ್ವಾ, ಅಂಥ ಚಿತ್ರ ತೆಗೆಯುವ ಉಪಗ್ರಹ ಇದು. ಸಮಭಾಜಕದ ಮೇಲೆ 74 ಡಿಗ್ರಿ ಪೂರ್ವದಲ್ಲಿದೆ, ಅಂದರೆ ಕಾರವಾರದ ನೇರ ದಕ್ಷಿಣಕ್ಕೆ.

ಸ್ಯಾಂಡ್‌ಬಾಕ್ಸ್‌ನಲ್ಲಿ ಭೂಮಿ ಪಕ್ಕ ಕ್ಲಿಕ್ ಮಾಡಿದರೆ ಸಾಕು, ಕಕ್ಷೆಗೆ ಬೇಕಾದ ವೇಗ ಅದೇ ಲೆಕ್ಕ ಹಾಕುತ್ತದೆ. ಗುರುತ್ವ ನಿಜಕ್ಕೂ ಕೆಲಸ ಮಾಡುತ್ತದೆ. ಚಂದ್ರನನ್ನು ಭೂಮಿಗೆ ಗುದ್ದಿಸಿದರೆ ಮಕ್ಕಳಿಗಂತೂ ಹಬ್ಬ. ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೇ ಲ್ಯಾಪ್‌ಟಾಪಿಗೆ ಅದು ಭಾರ.

ಸೆಲೆಸ್ಟಿಯಾದಲ್ಲಿ ನೋಟ್‌ಪ್ಯಾಡೇ ಸಾಕು. ಒಂದು ಎಸ್‌ಎಸ್‌ಸಿ ಫೈಲ್, ಒಳಗೆ ಉಪಗ್ರಹದ ಹೆಸರು, ದೂರ, ಒಂದು ಸುತ್ತಿನ ಅವಧಿ ಹೇಳುವ ಹತ್ತು-ಹನ್ನೆರಡು ಸಾಲು. ತಲೆನೋವು ಇರುವುದು ಅಳತೆಯಲ್ಲಿ. ಸೂರ್ಯನ ಸುತ್ತ ಸುತ್ತುವ ವಸ್ತುವಾದರೆ ದೂರ ಖಗೋಳ ಮಾನದಲ್ಲಿ (ಭೂಮಿಯಿಂದ ಸೂರ್ಯನಿಗಿರುವ ಸರಾಸರಿ ದೂರವೇ ಒಂದು ಮಾನ), ಅವಧಿ ವರ್ಷದಲ್ಲಿ. ಭೂಮಿಯ ಸುತ್ತ ಆದರೆ ಕಿಲೋಮೀಟರು ಮತ್ತು ದಿನ. ಮೊದಲ ಸಾಲಿನಲ್ಲಿ 'ಸೋಲ್/ಅರ್ತ್' (ಸೂರ್ಯ/ಭೂಮಿ) ಬದಲು ಬರೀ 'ಸೋಲ್' ಅಂತ ಇದ್ದರೆ, ದೂರಕ್ಕೆ ಕೊಟ್ಟ 42,164 ಎಂಬ ಅದೇ ಸಂಖ್ಯೆ ಉಪಗ್ರಹವನ್ನು ಪ್ಲೂಟೊಗಿಂತ ಸಾವಿರ ಪಟ್ಟು ಆಚೆ ಒಗೆಯುತ್ತದೆ. ಎಚ್ಚರಿಕೆ ಗಿಚ್ಚರಿಕೆ ಏನೂ ಇಲ್ಲ. (ಎಲ್ಲೆಡೆ ಓದುವ 35,786 ಕಿ.ಮೀ. ನೆಲದಿಂದ ಎತ್ತರ. ಇಲ್ಲಿ ಕೊಡಬೇಕಾದ್ದು ಭೂಮಿಯ ಕೇಂದ್ರದಿಂದ ದೂರ.)

ಅವಧಿಯದ್ದು ಇನ್ನೊಂದು ಕಿರಿಕಿರಿ. ಸೆಲೆಸ್ಟಿಯಾಕ್ಕೆ ಗುರುತ್ವದ ಗೊಡವೆಯೇ ಇಲ್ಲ. ನೀವು ಬರೆದ ಅವಧಿ ಆ ದೂರಕ್ಕೆ ಹೊಂದುತ್ತದೋ ಇಲ್ಲವೋ ನೋಡದೆ, ಸುಮ್ನೆ ಸುತ್ತಿಸುತ್ತದೆ. ಭೂಮಿ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ, ಅಂದರೆ 0.99727 ದಿನ; ಉಪಗ್ರಹ ಒಂದೇ ಜಾಗದ ಮೇಲೆ ನಿಲ್ಲಬೇಕಾದರೆ ಅದರ ಅವಧಿಯೂ ಅಷ್ಟೇ ಇರಬೇಕು. ಅದರ ಬದಲು 1 ಅಂತ ಬರೆದರೆ ಉಪಗ್ರಹ ದಿನಕ್ಕೆ ಹತ್ತಿರ ಹತ್ತಿರ ಒಂದು ಡಿಗ್ರಿ ಪಶ್ಚಿಮಕ್ಕೆ ಜಾರುತ್ತದೆ. ಒಂದು ತಿಂಗಳು ಮುಂದೆ ಓಡಿಸಿ ನೋಡಿ, ನಮ್ಮ ಮೋಡ ಬಿಟ್ಟು ಸೊಮಾಲಿಯಾ ತೀರಕ್ಕೆ ಹೋಗಿರುತ್ತದೆ.

ಇಷ್ಟಾದರೂ ನನಗೆ ಅದೇ ಇಷ್ಟ. ಸಂಖ್ಯೆ ಸರಿಯಿದ್ದರೆ ಕಾಲವನ್ನು ಎಷ್ಟೇ ಜೋರಾಗಿ ಓಡಿಸಿದರೂ ಕಕ್ಷೆ ಕೆಡುವುದಿಲ್ಲ. ಸ್ಯಾಂಡ್‌ಬಾಕ್ಸ್ ಹೆಜ್ಜೆ ಹೆಜ್ಜೆಗೂ ಗುರುತ್ವದ ಲೆಕ್ಕ ಮಾಡುವುದರಿಂದ, ಓಟ ಜಾಸ್ತಿಯಾದಷ್ಟೂ ನಿಖರತೆ ಕಡಿಮೆ.

ಗುದ್ದಿಸುವ ಆಸೆ ಇದ್ದವರು, ಒಳ್ಳೆ ಕಂಪ್ಯೂಟರ್ ಇದ್ದರೆ, ಸೇಲ್ ಬಂದಾಗ ಸ್ಯಾಂಡ್‌ಬಾಕ್ಸ್ ತಗೊಳ್ಳಿ. ಇದ್ದದ್ದನ್ನು ಇದ್ದ ಜಾಗದಲ್ಲಿ ನೋಡುವವರಿಗೆ ಖರ್ಚೇ ಬೇಡ. ಸೆಲೆಸ್ಟಿಯಾದಲ್ಲಿ ಶಿರಸಿಯ ನೆಲಕ್ಕೆ ಇಳಿದು ದಕ್ಷಿಣಕ್ಕೆ ತಿರುಗಿ, ಸುಮಾರು 73 ಡಿಗ್ರಿ ತಲೆ ಎತ್ತಿ. ಉಪಗ್ರಹ ಅಲ್ಲೇ ಸಿಗುತ್ತದೆ.