ಮ್ಯಾಟ್ರಿಜೆಲ್: ಪ್ರಾಸ್ಟೇಟ್ ಕಾಂಡಕೋಶ ಹುಡುಕುವವರಿಗೆ ಎಷ್ಟು ಒದಗುತ್ತದೆ?

ಪ್ರಾಸ್ಟೇಟ್ ಗ್ರಂಥಿಯ ಕಾಂಡಕೋಶಗಳನ್ನು (ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಮೂಲಕೋಶಗಳನ್ನು) ಗೋಳವಾಗಿಯೋ ಆರ್ಗನಾಯ್ಡ್ (ಅಂಗದ ಪುಟ್ಟ ಮಾದರಿ) ಆಗಿಯೋ ಬೆಳೆಸುವ ಲ್ಯಾಬ್‌ಗಳಲ್ಲಿ ಕಾರ್ನಿಂಗ್ ಕಂಪನಿಯ ಮ್ಯಾಟ್ರಿಜೆಲ್ ಬಹಳ ಕಾಲದಿಂದ ಬಳಕೆಯಲ್ಲಿದೆ. ಇಲಿಯ ಇಎಚ್‌ಎಸ್ ಎಂಬ ಗಡ್ಡೆಯಿಂದ ತೆಗೆದ ಈ ಜೆಲ್‌ನಲ್ಲಿ ಲ್ಯಾಮಿನಿನ್ ಎಂಬ ಪ್ರೋಟೀನಿನ ಪಾಲೇ ಹೆಚ್ಚು. ಗ್ರಂಥಿಯ ಒಳಪದರದ ತಳಸಾಲಿನ ಬೇಸಲ್ ಕೋಶಗಳ ಮೈಮೇಲೆ ಹೇರಳವಾಗಿರುವ ಸಿಡಿ49ಎಫ್ ಎಂಬ ಪ್ರೋಟೀನ್ ಅಂಟಿಕೊಳ್ಳುವುದೂ ಲ್ಯಾಮಿನಿನ್‌ಗೇ. ಈ ಕೆಲಸಕ್ಕೆ ಜೆಲ್ ಚೆನ್ನಾಗಿ ಹೊಂದುವುದು ಅದಕ್ಕೇ.

ಕೊಳ್ಳುವಾಗ ಗ್ರೋತ್ ಫ್ಯಾಕ್ಟರ್ (ಕೋಶದ ಬೆಳವಣಿಗೆಗೆ ಸೂಚನೆ ಕೊಡುವ ಪ್ರೋಟೀನ್) ಕಡಿಮೆ ಮಾಡಿದ ಬಗೆಯನ್ನೇ ಕೊಳ್ಳಿ. ಮಾಮೂಲಿ ಜೆಲ್‌ನಲ್ಲಿ ಐಜಿಎಫ್-1ನಂಥವು ಹೆಚ್ಚಿರುತ್ತವೆ. ಮೀಡಿಯಂಗೆ (ಕೋಶ ಬೆಳೆಸುವ ದ್ರವಕ್ಕೆ) ನೀವು ಅಳೆದು ಹಾಕಿದ್ದರ ಲೆಕ್ಕ ತಪ್ಪುತ್ತದೆ.

ಮೈನಸ್ 20 ಡಿಗ್ರಿಯಲ್ಲಿಡಿ, ತಾನೇ ಡಿಫ್ರಾಸ್ಟ್ ಆಗುವ ಫ್ರೀಜರ್ ಬೇಡ. ಹಿಂದಿನ ರಾತ್ರಿ ಫ್ರಿಜ್‌ನೊಳಗೆ ಐಸ್ ಮೇಲಿಟ್ಟು ಕರಗಿಸಿ. ಟಿಪ್, ಟ್ಯೂಬ್ ಎಲ್ಲ ತಣ್ಣಗಿರಬೇಕು. ಬೆಚ್ಚಗಿನ ಟಿಪ್‌ನೊಳಗೇ ಜೆಲ್ ಗಟ್ಟಿಯಾಗಿ, ಅಳತೆ ಕೆಡುತ್ತದೆ.

ಇಲಿಯ ಪ್ರಾಸ್ಟೇಟನ್ನು ಸಣ್ಣಗೆ ಹೆಚ್ಚಿ, ಕೋಶಗಳನ್ನು ಬಿಡಿಸುವ ಕಿಣ್ವಗಳಾದ ಕೊಲಾಜಿನೇಸ್, ಆಮೇಲೆ ಟ್ರಿಪ್ಸಿನ್ ಕೊಟ್ಟು, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಗೋಳಗಳಿಗಾದರೆ ಕೋಶ ಬೆರೆಸಿದ ಮೀಡಿಯಂ, ಜೆಲ್ ಸಮಪಾಲು. 12 ಗುಳಿಯ ಪ್ಲೇಟ್‌ನಲ್ಲಿ ಗುಳಿಗೆ 100 ಮೈಕ್ರೋಲೀಟರ್, ಅದೂ ಅಂಚಿನ ಸುತ್ತ ಉಂಗುರದ ಹಾಗೆ. ನಡುಭಾಗ ಖಾಲಿ ಇದ್ದರೆ ಮುಂದೆ ಮೀಡಿಯಂ ಬದಲಿಸುವಾಗ ಪಿಪೆಟ್ ಜೆಲ್‌ಗೆ ತಾಗುವುದಿಲ್ಲ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟು 1 ಮಿಲಿ ಮೀಡಿಯಂ ಹಾಕಿ. ಜೆಲ್ ಇನ್ನೂ ತೆಳುವಾದರೆ ಉಂಗುರ ಕಿತ್ತು ತೇಲುತ್ತದೆ. ಆರ್ಗನಾಯ್ಡ್‌ಗೆ 40 ಮೈಕ್ರೋಲೀಟರ್ ಹನಿ ಸಾಕು; ಹನಿ ಬಿಟ್ಟ ಮೇಲೆ ಪ್ಲೇಟನ್ನು ಮಗುಚಿಡಿ. ಇಲ್ಲವಾದರೆ ಕೋಶಗಳು ತಳಕ್ಕಿಳಿದು ಪ್ಲಾಸ್ಟಿಕ್ ಮೇಲೆ ಚಪ್ಪಟೆಯಾಗಿ ಹರಡುತ್ತವೆ.

ಕೋಶ ಒತ್ತಾಗಿ ಹಾಕಿದರೆ ಅಕ್ಕಪಕ್ಕದವು ಕೂಡಿಕೊಂಡೂ ಗೋಳವಾಗುತ್ತವೆ. ಹಸಿರು, ಕೆಂಪು ಬಣ್ಣದ ಕೋಶಗಳನ್ನು ಬೆರೆಸಿ ಹಾಕಿ ನೋಡಿ. ಒಂದೇ ಗೋಳದಲ್ಲಿ ಎರಡೂ ಬಣ್ಣ ಕಂಡರೆ ಅದು ಒಂಟಿ ಕೋಶದ ಸಂತಾನವಲ್ಲ. ಈ ಪರೀಕ್ಷೆಯಿಲ್ಲದ ಗೋಳದ ಎಣಿಕೆಯನ್ನು ಕಾಂಡಕೋಶದ ಎಣಿಕೆ ಎಂದು ನಂಬಬಾರದು.

ಇನ್ನು ಗುರುತಿಸುವ ಮಾತು. ವೃಷಣ ತೆಗೆದ ಇಲಿಯಲ್ಲಿ ಗ್ರಂಥಿ ಕುಗ್ಗುತ್ತದೆ, ಬೇಸಲ್ ಸಾಲಿನ ಮೇಲೆ ನಾಳದ ಒಳಗಡೆಗಿರುವ ಲೂಮಿನಲ್ ಕೋಶಗಳು ಬಹುಪಾಲು ಸಾಯುತ್ತವೆ. ಆಂಡ್ರೊಜೆನ್ (ಗಂಡು ಹಾರ್ಮೋನ್) ಕೊಟ್ಟರೆ ಮತ್ತೆ ಬೆಳೆಯುತ್ತದೆ. ಇದನ್ನು ಹಲವು ಬಾರಿ ಮಾಡಬಹುದಾದ್ದರಿಂದ ಕಾಂಡಕೋಶ ಉಳಿದಿರಲೇಬೇಕೆಂಬ ತರ್ಕ ಬಂತು. ಆದರೆ ಯಾವುದು? ಗೋಳದ ಮೀಡಿಯಂನಲ್ಲಿ ಬೆಳೆಯುವವು ಮುಖ್ಯವಾಗಿ ಪಿ63, ಕೆರಾಟಿನ್ 5 ಎಂಬ ಗುರುತಿನ ಪ್ರೋಟೀನ್‌ಗಳಿರುವ ಬೇಸಲ್ ಕೋಶಗಳು. ಅದನ್ನೇ ನೆಚ್ಚಿದರೆ ಕೆರಾಟಿನ್ 8 ಇರುವ ಲೂಮಿನಲ್ ಕೋಶಗಳು ಬಂಜೆ ಎನಿಸುತ್ತವೆ. 2014ರಲ್ಲಿ ಪ್ರಕಟವಾದ ಆರ್ಗನಾಯ್ಡ್ ವಿಧಾನದಲ್ಲಿ ಜೆಲ್ ಅದೇ. ಮೀಡಿಯಂನಲ್ಲಿ 1 ನ್ಯಾನೊಮೋಲಾರ್ ಡಿಎಚ್‌ಟಿ (ಒಂದು ಆಂಡ್ರೊಜೆನ್), ಆರ್-ಸ್ಪಾಂಡಿನ್ ಮತ್ತು ನಾಗಿನ್ ಎಂಬ ಪ್ರೋಟೀನ್‌ಗಳು, ಟಿಜಿಎಫ್-ಬೀಟಾ ಸೂಚನೆಯನ್ನು ತಡೆಯುವ ಎ83-01 ಸೇರಿದವು. ಆಗ ಒಂಟಿ ಲೂಮಿನಲ್ ಕೋಶವೂ ಎರಡೂ ಬಗೆಯ ಕೋಶಗಳನ್ನು ಕೊಟ್ಟಿತು.

ಜೆಲ್‌ನಲ್ಲಿ ಕಾಣುವುದು ಕೋಶಕ್ಕೆ ಏನು ಸಾಧ್ಯ ಎಂಬುದಷ್ಟೇ. ದೇಹದೊಳಗೆ ಅದು ಏನು ಮಾಡುತ್ತದೆ ಎಂಬುದಕ್ಕೆ ವಂಶಾವಳಿ ಗುರುತಿಸುವ ಪ್ರಯೋಗವೇ (ಕೋಶಕ್ಕೆ ಗುರುತು ಹಾಕಿ ಅದರ ಸಂತಾನವನ್ನು ಹಿಂಬಾಲಿಸುವುದು) ಬೇಕು. 2012ರ ಅಂಥ ಪ್ರಯೋಗಗಳಲ್ಲಿ, ಗ್ರಂಥಿ ಬೆಳೆಯುವ ಹಂತದ ಬೇಸಲ್ ಕೋಶಗಳು ಬಹುಶಕ್ತವೆಂದು (ಹಲವು ಬಗೆಯ ಕೋಶ ಕೊಡಬಲ್ಲವೆಂದು) ಕಂಡಿತು. ವಯಸ್ಕ ಇಲಿಯಲ್ಲಿ ಬೇಸಲ್, ಲೂಮಿನಲ್ ಎರಡೂ ಸಾಲುಗಳು ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವೇ ಮುಂದುವರಿಯುತ್ತವೆ.

ಲಾಟ್‌ನಿಂದ ಲಾಟ್‌ಗೆ (ಒಂದು ಸಲ ತಯಾರಾದ ಸರಕಿನಿಂದ ಇನ್ನೊಂದಕ್ಕೆ) ಪ್ರೋಟೀನ್ ಪ್ರಮಾಣ ಬದಲಾಗುವುದೇ ಈ ಜೆಲ್‌ನ ದೊಡ್ಡ ಕೊರತೆ. ಸರ್ಟಿಫಿಕೇಟ್‌ನಲ್ಲಿರುವ ಅಂಕಿ ನೋಡಿ, ಒಂದು ಅಧ್ಯಯನಕ್ಕೆ ಬೇಕಾದಷ್ಟನ್ನೂ ಒಂದೇ ಲಾಟ್‌ನಿಂದ ತರಿಸಿ. ಹೊಸ ಲಾಟ್ ಬಂದರೆ ಹಳೆಯದರ ಪಕ್ಕದಲ್ಲೇ ಹಾಕಿ ಗೋಳ ಎಣಿಸಿದ ಮೇಲೆಯೇ ಬಳಸಿ.