ಆರು ಮಳೆಗಾಲ ಜೇಬಿನಲ್ಲಿದ್ದ ಹಿಗೊನೊಕಾಮಿ: ಎಲ್ಲವೂ ಒಂದು ರಿವೆಟ್ಟಿನ ಮೇಲೆ

ನನ್ನ ಮೇಜಿನ ಖಾನೆಯಲ್ಲಿ ಒಂಬತ್ತು ಮಡಚುವ ಚಾಕುಗಳಿವೆ. ಬೆಳಿಗ್ಗೆ ಅಂಗಿ ತೊಟ್ಟ ಕೂಡಲೇ ಕೈ ತಾನಾಗಿ ಹುಡುಕುವುದು ಮಾತ್ರ ಜಪಾನಿನ ಹಿಗೊನೊಕಾಮಿಯನ್ನು. 2019ರ ಬೇಸಿಗೆಯಲ್ಲಿ ಅಂಚೆ ವೆಚ್ಚ, ಸುಂಕ ಎಲ್ಲ ಸೇರಿ ಸುಮಾರು 3,500 ರೂಪಾಯಿ ಕೊಟ್ಟು ತರಿಸಿದೆ. ಚಿತ್ರಕಲಾ ಶಿಕ್ಷಕನ ಸಂಬಳದಲ್ಲಿ ಒಂದು ಚಾಕುವಿಗೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದಲೇ ಸಾಗರ ಸೀಮೆಯ ಆರು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಎಂದು ಕಾದೆ.

ಉದ್ದ, ತೂಕಗಳನ್ನು ಕೊಳ್ಳುವ ಮೊದಲೇ ಎಲ್ಲರೂ ನೋಡಿರುತ್ತಾರೆ. ಕೈಗೆ ಬಂದ ಮೇಲೆ ತಿಳಿಯುವುದು ಇದರಲ್ಲಿ ಏನೇನು ಇಲ್ಲ ಎಂಬುದು. ಸ್ಪ್ರಿಂಗ್ ಇಲ್ಲ, ಬೀಗವಿಲ್ಲ. ಮಡಚಿದ ಹಿತ್ತಾಳೆಯ ತಗಡೇ ಹಿಡಿ, ಅದರೊಳಗೊಂದು ಅಲಗು, ಎರಡನ್ನೂ ಹಿಡಿದಿಡುವ ಒಂದು ರಿವೆಟ್ಟು. ಅಲಗಿನ ಬುಡದಿಂದ ಹೊರಚಾಚಿದ ಪುಟ್ಟ ಬಾಲಕ್ಕೆ ಜಪಾನೀಯರು ಚಿಕಿರಿ ಎನ್ನುತ್ತಾರೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಅಲಗು ತೆರೆಯುತ್ತದೆ, ತೆರೆದ ಮೇಲೆ ಅದೇ ಬೆರಳು ಅದರ ಮೇಲೆ ಕುಳಿತು ಅಲಗು ಮಡಚಿಕೊಳ್ಳದಂತೆ ತಡೆಯುತ್ತದೆ. ಹಿಗೊ ಎಂದರೆ ಕ್ಯೂಶು ದ್ವೀಪದ ಇಂದಿನ ಕುಮಾಮೊಟೊ ಸೀಮೆ. ಹಿಗೊನೊಕಾಮಿ ಎಂದರೆ ಆ ಸೀಮೆಯ ಅಧಿಪತಿ. ಚಾಕು ತಯಾರಾಗುವುದು ಮಾತ್ರ ಕೈ ಉಪಕರಣಗಳಿಗೆ ಹೆಸರಾದ, ಹ್ಯೋಗೊ ಪ್ರಾಂತ್ಯದ ಮಿಕಿ ಊರಿನಲ್ಲಿ.

ನನ್ನ ದಿನ ಶುರುವಾಗುವುದು ಐದು ಪೆನ್ಸಿಲ್‌ಗಳಿಂದ. ಹಳೆಯ ಪತ್ರಿಕೆಯ ಹಾಳೆ ಹರಡಿ, ಪೆನ್ಸಿಲ್ಲನ್ನು ಎಡಗೈಯಲ್ಲಿ ಹಿಡಿದು, ಚಾಕುವಿನ ಬೆನ್ನನ್ನು ಎಡ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಮರ ತೆಳ್ಳನೆಯ ಸುರುಳಿಯಾಗಿ ಎದ್ದು ಬರುತ್ತದೆ. ನೆರಳು ತುಂಬಲು ಬೇಕಾದ ಉದ್ದ ಮೊನೆಯನ್ನು ಸಾಮಾನ್ಯ ಶಾರ್ಪನರು ಕೊಡುವುದಿಲ್ಲ. ಯುದ್ಧಾನಂತರದ ಜಪಾನಿನಲ್ಲಿ ಶಾಲಾ ಮಕ್ಕಳು ಪೆನ್ಸಿಲ್ ಕೆತ್ತುತ್ತಿದ್ದುದು ಇದೇ ಚಾಕುವಿನಿಂದ. 1960ರಲ್ಲಿ ರಾಜಕೀಯ ನಾಯಕ ಇನೆಜಿರೊ ಅಸಾನುಮಾ ಅವರನ್ನು ಹದಿನೇಳರ ಹುಡುಗನೊಬ್ಬ ಕಿರುಗತ್ತಿಯಿಂದ ಇರಿದು ಕೊಂದ ಮೇಲೆ, ಮಕ್ಕಳ ಕೈಗೆ ಅಲಗು ಕೊಡಬಾರದೆಂಬ ಚಳವಳಿ ಬಲಗೊಂಡು ಚಾಕು ಶಾಲೆಯ ಚೀಲದಿಂದ ಮರೆಯಾಯಿತು. ನಾನೂ ತರಗತಿಯೊಳಗೆ ಇದನ್ನು ಹೊರತೆಗೆಯುವುದಿಲ್ಲ. ಕೆತ್ತುವ ಕೆಲಸ ಮನೆಯ ಜಗುಲಿಯಲ್ಲೇ ಮುಗಿದಿರುತ್ತದೆ.

ಭಾನುವಾರ ಸಾಣೆ ಹಿಡಿಯುವ ಹೊತ್ತು ನನಗೆ ಇನ್ನೂ ಇಷ್ಟ. ನನ್ನ ಚಾಕುವಿನ ಅಲಗಿನಲ್ಲಿ ಗಡುಸು ಉಕ್ಕಿನ ಪದರವೊಂದನ್ನು ಎರಡೂ ಬದಿಯಿಂದ ಮೆದು ಕಬ್ಬಿಣ ಅಪ್ಪಿಕೊಂಡಿದೆ. ನೆನೆಸಿದ ಕಲ್ಲಿನ ಮೇಲೆ ಅಲಗಿನ ಅಗಲವಾದ ಇಳಿಜಾರನ್ನು ಮಲಗಿಸಿದರೆ ಕೋನ ಎಷ್ಟಿರಬೇಕೆಂದು ಯೋಚಿಸುವ ಅಗತ್ಯವೇ ಇಲ್ಲ, ಅದು ತಾನೇ ಕಲ್ಲಿಗೆ ಅಂಟಿಕೊಂಡಂತೆ ಕೂರುತ್ತದೆ. ಹತ್ತು ನಿಮಿಷ ಮಸೆದು ಬಟ್ಟೆಯಿಂದ ಒರೆಸಿದರೆ ಕಬ್ಬಿಣದ ಭಾಗ ಮೋಡದಂತೆ ಮಂಕಾಗಿಯೂ ಅದರ ಕೆಳಗಿನ ಉಕ್ಕು ಕನ್ನಡಿಯ ಗೆರೆಯಂತೆ ಹೊಳಪಾಗಿಯೂ ಕಾಣುತ್ತವೆ. ಆ ಗೆರೆ ನೋಡುವುದಕ್ಕಾಗಿ, ಚಾಕು ಮೊಂಡಾಗದ ವಾರವೂ ನಾನು ಕಲ್ಲು ನೆನೆಸಿದ್ದುಂಟು.

ಇಷ್ಟೆಲ್ಲ ಪ್ರೀತಿಯ ನಡುವೆಯೂ ಮೂರನೆಯ ವರ್ಷ ಇದನ್ನು ಖಾನೆಗೆ ಎಸೆದು ಬೇರೆ ಚಾಕು ಹಿಡಿದಿದ್ದೆ. ತುಕ್ಕು ಅದಕ್ಕೆ ಕಾರಣವಲ್ಲ. ಜೂನ್ ಬಂತೆಂದರೆ ಇಂಥ ಉಕ್ಕಿಗೆ ತುಕ್ಕು ಹಿಡಿಯುವುದು ಸಹಜ. ಮಾವಿನಕಾಯಿ ಹೆಚ್ಚಿದ ಕೂಡಲೇ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು, ಹುಳಿ ತಾಗಿ ಅಲಗಿಗೆ ಬಂದ ನೀಲಿಬೂದು ಬಣ್ಣ ನನಗಂತೂ ಚೆಂದ. ದೂರು ಇರುವುದು ರಿವೆಟ್ಟಿನ ಬಗ್ಗೆ. ಮುಚ್ಚಿದ ಅಲಗು ಮುಚ್ಚಿಯೇ ಇರುವುದು ಅಲ್ಲಿನ ಬಿಗಿಯೊಂದರಿಂದಲೇ. ದಿನಕ್ಕೆ ಹತ್ತಾರು ಸಲ ತೆರೆದು ಮುಚ್ಚಿದರೆ ಹಿತ್ತಾಳೆ ಸವೆದು ಆ ಬಿಗಿ ಸಡಿಲುತ್ತದೆ. ಒಂದು ಸಂಜೆ ಬಸ್ಸಿನಲ್ಲಿ ಚಿಲ್ಲರೆಗೆಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ಅಲಗು ಅರ್ಧ ತೆರೆದು ಕುಳಿತಿತ್ತು. ತೋರುಬೆರಳಿನ ತುದಿ ಸೀಳಿತು, ಪಕ್ಕದ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಕುಳಿತಿದ್ದರು. ನನ್ನ ಗಾಯಕ್ಕಿಂತ ಹೆಚ್ಚಾಗಿ ಆ ಮಗುವಿನ ಕಾಲು ಎಷ್ಟು ಹತ್ತಿರವಿತ್ತೆಂಬುದು ನನ್ನನ್ನು ಬಹಳ ದಿನ ಕಾಡಿತು. ಪ್ರತಿದಿನ ಜೇಬಿನಲ್ಲಿಡುವ ವಸ್ತುವಿಗೆ ಇದು ಸಣ್ಣ ಕೊರತೆಯಲ್ಲ.

ಎಂಟು ತಿಂಗಳ ನಂತರ, ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಸರಿಮಾಡಿಸಲು ಊರಿನ ಕುಲುಮೆಗೆ ಹೋದಾಗ ಈ ಚಾಕುವನ್ನೂ ಒಯ್ದೆ. ಕಮ್ಮಾರರು ಅದನ್ನು ಎರಡು ಸಲ ತೆರೆದು ಮುಚ್ಚಿ, ರಿವೆಟ್ಟಿನ ಒಂದು ತಲೆಯನ್ನು ಅಡಿಗಲ್ಲಿನ ಮೇಲಿಟ್ಟು ಇನ್ನೊಂದು ತಲೆಗೆ ಸಣ್ಣ ಸುತ್ತಿಗೆಯಿಂದ ಎರಡೇ ಏಟು ಕೊಟ್ಟರು. "ಮೇಷ್ಟ್ರೇ, ಇದಕ್ಕೆ ಜೋರಾಗಿ ಹೊಡೆಯಬಾರದು, ಹಿತ್ತಾಳೆ ಬಿರಿಯುತ್ತೆ" ಎಂದರು. ಅಲಗು ಹೊಸದರಂತೆ ಬಿಗಿಯಾಯಿತು. ನನ್ನ ಬೀಗವಿರುವ ಚಾಕುವೊಂದರ ಸ್ಪ್ರಿಂಗ್ ಮುರಿದು ನಾಲ್ಕು ವರ್ಷವಾಯಿತು, ಅದನ್ನು ಸರಿಮಾಡುವವರು ಈವರೆಗೆ ಸಿಕ್ಕಿಲ್ಲ. ನನ್ನ ಸಿಟ್ಟು ಇಳಿದದ್ದು ಅಲ್ಲಿ.

ಈಗ ತಿಂಗಳಿಗೊಮ್ಮೆ, ಮುಚ್ಚಿದ ಚಾಕುವನ್ನು ತಲೆಕೆಳಗಾಗಿ ಹಿಡಿದು ಜೋರಾಗಿ ಜಾಡಿಸಿ ನೋಡುತ್ತೇನೆ. ಅಲಗು ಕೂದಲೆಳೆಯಷ್ಟು ಜಾರಿದರೂ ಕುಲುಮೆಯ ದಾರಿ ಹಿಡಿಯುತ್ತೇನೆ. ಚಾಕುವಿಗಾಗಿ ದಪ್ಪ ಬಟ್ಟೆಯ ಚೀಲವೊಂದನ್ನು ಹೊಲಿಸಿದ್ದೇನೆ, ಅದಿಲ್ಲದೆ ಜೇಬಿಗೆ ಇಳಿಸುವುದಿಲ್ಲ. ಒಂದೇ ಕೈಯಲ್ಲಿ ಗಡಿಬಿಡಿಯ ಕೆಲಸ ಮಾಡುವವರೂ ಚಿಕ್ಕ ಮಕ್ಕಳನ್ನು ಎತ್ತಿ ಆಡಿಸುವವರೂ ಬೀಗವಿರುವ ಚಾಕುವನ್ನೇ ಕೊಳ್ಳಲಿ. ಕುಳಿತು ಕೆತ್ತುವ, ಹೆಚ್ಚುವ, ಮಸೆಯುವ ವ್ಯವಧಾನ ಇರುವವರಿಗೆ ಇದಕ್ಕಿಂತ ಒಳ್ಳೆಯ ಸಂಗಾತಿಯನ್ನು ನಾನು ಕಂಡಿಲ್ಲ.

ಕಳೆದ ಸಲ ಹೋದಾಗ ಕಮ್ಮಾರರು ಚಾಕುವನ್ನು ಒಂದು ದಿನದ ಮಟ್ಟಿಗೆ ಇರಿಸಿಕೊಂಡು ಕಾಗದದ ಮೇಲೆ ಅದರ ಆಕಾರ ಬರೆದುಕೊಂಡಿದ್ದಾರೆ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಅಲಗು ಸಿದ್ಧವಾಗಿದೆಯಂತೆ. ಹಿಡಿಗೆ ಸರಿಯಾದ ದಪ್ಪದ ಹಿತ್ತಾಳೆ ತಗಡನ್ನು ಇಬ್ಬರೂ ಹುಡುಕುತ್ತಿದ್ದೇವೆ.